ಅರ್ಧ ಸೀಟು

ಕ್ಯಾತಮಾರನಹಳ್ಳಿಯಿಂದ ಇಟ್ಟಿಗೆಗೂಡಿಗೆ
ಎಂಟು ಮಕ್ಕಳು, ಎಂಟು ಬ್ಯಾಗು;
ಒಂಬತ್ತನೆಯವಳು ನನ್ನವಳು.
ಬಾಡಿಗೆ ಕೊಡದವಳಿಗೆ ಸೀಟೆಲ್ಲಿಂದ ಬರಬೇಕು,
ನನ್ನದರಲ್ಲೇ ಅರ್ಧ.
ಒಂದನೇ ಕ್ಲಾಸಿನಿಂದ ಹೀಗೇ:
ನಾನು ಒಂದು ತೊಡೆ ಬೀದಿಗೆ ಚಾಚಿ,
ಅವಳು ಹಾರನ್ನಿನ ಮೇಲೆ ಕೈಯಿಟ್ಟು.

ಝೂ ಹತ್ತಿರ ಬಂದರೆ ಆಟೊ ಆಫ್ ಮಾಡಿಸುತ್ತಿದ್ದಳು.
ಕಾಂಪೌಂಡಿನಾಚೆ ಸಿಂಹ ಗುಡುಗಿದರೆ
ಹಿಂದಿನ ಚಿಳ್ಳೆಪಿಳ್ಳೆಗಳೆಲ್ಲ ಗಪ್‌ಚಿಪ್.
"ಅದಕ್ಕೂ ಸ್ಕೂಲಿಗೆ ಹೋಗೋಕೆ ಇಷ್ಟ ಇಲ್ವಂತೆ"
ಎಂದು ಎಲ್ಲರಿಗೂ ಅರ್ಥ ಹೇಳುವಳು.

ಆಟೊದವನಿಗೆ ಕಿವಿಯಿಲ್ಲ ಅಂದುಕೊಳ್ಳುತ್ತವೆ ಮಕ್ಕಳು.
ಧನ್ವಿತನ ಮನೆಯಲ್ಲಿ ರಾತ್ರಿ ತಟ್ಟೆ ಹಾರಿದ್ದು,
ಜುವೇರಿಯಾ ಗಣಿತದಲ್ಲಿ ಏಳು ತೆಗೆದು
ಅಪ್ಪನ ಸಹಿ ತಾನೇ ಗೀಚಿದ್ದು,
ಎಲ್ಲ ನನ್ನ ಬೆನ್ನಿಗೆ ಗೊತ್ತು.
ಯಾರಿಗೂ ಹೇಳಿಲ್ಲ.

ಆರನೇ ಕ್ಲಾಸಿನ ಆಷಾಢದಲ್ಲಿ
ಇಂಚರಳ ಮಂಡಿ ಮೀಟರಿಗೆ ತಾಗತೊಡಗಿತು.
ಒಂದು ದಿನ ಹೇಳದೆ ಕೇಳದೆ ಹಿಂದೆ ಹೋಗಿ ಕೂತಳು.
ಸೀಟು ಪೂರ್ತಿ ನನ್ನದಾಯಿತು,
ಪೂರ್ತಿ ಕೂರುವುದು ಮರೆತೇ ಹೋಗಿತ್ತು.

ಕನ್ನಡಿಯಲ್ಲಿ ಕಂಡೆ:
ಸಿಂಚನ ತನ್ನ ಬ್ಯಾಗೆತ್ತಿ ಇಬ್ಬರ ನಡುವೆ ಇಟ್ಟಳು,
ಇಟ್ಟಿಗೆ ಜೋಡಿಸುವವರ ಹಾಗೆ, ಸಾವಕಾಶ.
ಯಾರೋ ಕಿಸಕ್ಕೆಂದರು.
ನನ್ನವಳು ಹೊರಗೆ ನೋಡಿದಳು.
ಹೊರಗೇನಿತ್ತು? ಸಿಟಿ ಬಸ್ಸಿನ ಹೊಟ್ಟೆ.
ತಿರುಗುವಂತಿಲ್ಲ, ಸರ್ಕಲ್ಲು ಬಂತು.

ರಾತ್ರಿ ಕೇಳಿದೆ. "ಏನಿಲ್ಲ."
ಮತ್ತೆ ಕೇಳಿದೆ. "ಏನಿಲ್ಲ ಅಂದ್ನಲ್ಲ!"
ಚಪಾತಿ ಅರ್ಧಕ್ಕೆ ನಿಂತಿತು.
ಅಗರಬತ್ತಿ ಹೊಸೆದ ಕೈ ಉಜ್ಜಿ ತೊಳೆಯುತ್ತ ಶಶಿಕಲಾ ಅಂದಳು:
"ಗಾಡಿ ಸ್ಟಾರ್ಟ್ ಆಗದಿದ್ರೆ ಎಳೀತಾನೇ ಇರ್ತೀರಾ?
ಪ್ಲಗ್ ಆರಲಿ ಅಂತ ಒಂಚೂರು ಬಿಡಲ್ವಾ?"

ತಿಂಗಳ ಕೊನೆಗೆ ಸ್ವೆಟರನ್ನು ಸೊಂಟಕ್ಕೆ ಬಿಗಿದುಕೊಂಡು ಬಂದಳು.
ಅಮ್ಮ ಮಗಳು ಬಾಗಿಲು ಹಾಕಿಕೊಂಡರು.
"ಅಪ್ಪನಿಗೆ ಹೇಳ್ಬೇಡ."
ನಾಲ್ಕಿಂಚಿನ ಗೋಡೆ, ಕೇಳಿಸದೆ ಇರುತ್ತದೆಯೆ?
ಮೆಡಿಕಲ್ ಶಾಪಿನ ಮುಂದೆ
ಸ್ಪೇರ್ ಪಾರ್ಟಿಗೆ ಬಂದವನ ಹಾಗೆ ನಿಂತೆ.
"ಯಾವ ಸೈಜು?"
ಕ್ಲಚ್ ಪ್ಲೇಟಿನ ನಂಬರು ನಿದ್ದೆಯಲ್ಲೂ ಹೇಳುತ್ತೇನೆ.
"ಹನ್ನೊಂದು ತುಂಬಿದೆ" ಎಂದೆ.
ಪೇಪರು ಸುತ್ತಲು ಹೋದ.
ಬೇಡ, ನಾಚಿಕೆ ಏನು, ಹಾಗೇ ಕೊಡಿ ಎಂದೆ;
ಎಂದವನೇ ಅಂಗಿಯೊಳಗೆ ತುರುಕಿಕೊಂಡು ಬಂದೆ.
ಅವಳ ಅಟ್ಲಾಸಿನ ಪಕ್ಕ ಇಟ್ಟೆ.
ಬೆಳಿಗ್ಗೆ ಅದು ಅಲ್ಲಿರಲಿಲ್ಲ.
ಅಷ್ಟೇ ನಮ್ಮ ಮಾತುಕತೆ.

ಸೋಮವಾರ:
"ಗೇಟ್ ಹತ್ರ ಬೇಡ, ಪಾರ್ಕಿನ ಮೂಲೇಲಿ ಇಳಿಸಪ್ಪ."
ಹದಿನೆಂಟು ವರ್ಷ ತೊಟ್ಟ ಖಾಕಿ
ಅವತ್ತು ಮೈಗೆ ಚುಚ್ಚಿತು.
ಇಳಿಸಿದೆ.
ಕನ್ನಡಿಯಲ್ಲಿ ಅವಳು ಗೇಣುದ್ದ, ಬೆರಳುದ್ದ,
ಆಮೇಲೆ ಬರೀ ಎರಡು ಬಿಳಿ ರಿಬ್ಬನ್ನು.
ಹದಿನಾಲ್ಕು ದಿನ. ಎಣಿಸಿದ್ದೇನೆ.

ಹದಿನೈದನೆಯ ಸಂಜೆ
ಬೆಲ್ಲು ಹೊಡೆದು ಎಷ್ಟು ಹೊತ್ತಾದರೂ ಇಬ್ಬರು ಬರಲಿಲ್ಲ.
ಬಂದಳು, ಒಂದನೇ ಕ್ಲಾಸಿನ ಮೋಕ್ಷಿತನ ಕೈ ಹಿಡಿದು,
ಗೇಟಿನಿಂದಲೇ, ಎಲ್ಲರೆದುರು.
ಅವನ ಚಡ್ಡಿ ಒದ್ದೆ, ಮೂಗು ಒದ್ದೆ,
ಸೊಂಟಕ್ಕೆ ಇವಳ ಸ್ವೆಟರು, ಮೊಣಕಾಲು ದಾಟಿ ಜೋಲುತ್ತ.
"ಯಾರಾದ್ರೂ ನಕ್ಕರೆ ನೋಡಿ ಮತ್ತೆ" ಅಂದಳು.
ಯಾರೂ ನಗಲಿಲ್ಲ.
ಸಿಂಚನ ಬ್ಯಾಗನ್ನು ತೊಡೆಗೆ ಎಳೆದುಕೊಂಡು
ಹುಡುಗನಿಗೆ ಜಾಗ ಬಿಟ್ಟಳು.
ಅವರಿಬ್ಬರ ಕಣ್ಣು ಕೂಡಿತೋ ಇಲ್ಲವೋ,
ಮಬ್ಬು ಕನ್ನಡಿ, ಹೇಳಲಾರೆ.

ಹಿಂದೆ ಜಾಗ ಉಳಿಯಲಿಲ್ಲ.
"ಸರಿ ಆ ಕಡೆ" ಅಂದಳು ನನಗೆ.
ಸರಿದೆ.
ಮಂಡಿ ಮೀಟರಿಗೆ ಢಣ್ ಎಂದು ಬಡಿಯಿತು,
ಉಜ್ಜಿಕೊಂಡಳು, ನಾನು ನೋಡಲಿಲ್ಲ.

ಝೂ ಹತ್ತಿರ ಕೇಳದೆಯೇ ಆಟೊ ಆಫ್ ಮಾಡಿದೆ.
ಕಾದೆವು. ಸಿಂಹ ಕೂಗಲಿಲ್ಲ.
"ರಜಾ ಹಾಕಿರ್ಬೇಕು" ಅಂದಳು.