ಎಡಗಾಲು

ರಾತ್ರಿ ಎರಡೂವರೆಗೆ ಎಬ್ಬಿಸಿತು,
ಅದೇ.
ಎದೆಗೂಡು ಮುಗಿಯುವಲ್ಲಿ
ಬೀಡಿ ತುದಿ ಒತ್ತಿ ಹಿಡಿದ ಹಾಗೆ.
ಹನ್ನೊಂದು ವರ್ಷವಾದರೂ ಜಾಗ ಮರೆತಿಲ್ಲ.

ಪುಟ್ಟತಾಯಿಯನ್ನು ಎಬ್ಬಿಸಲಿಲ್ಲ.
ಅಡುಗೆಮನೆಯಲ್ಲಿ ನಿಂತೇ ಎರಡು ಮಾರಿ ಬಿಸ್ಕತ್ತು, ಮೇಲೆ ಅರ್ಧ ಲೋಟ ಹಾಲು.
ಸುಮ್ಮನಾಯಿತು. ಅದಕ್ಕೇ ಭಯವಾಯಿತು:
ತಿಂದರೆ ಸುಮ್ಮನಾಗುವ ನೋವು ಯಾವುದೆಂದು ನನಗೆ ಗೊತ್ತು.

ಆಗ ಹುಳ ಅಂದಿದ್ದರು.
ಹೊಟ್ಟೆಯ ಹುಳಿಯಲ್ಲೇ ಈಜುವಂಥದ್ದು,
ಹೆಸರು ನಾಲಿಗೆಗೆ ಹತ್ತದ್ದು.
ಹದಿನಾಲ್ಕು ದಿನ ಮುಷ್ಟಿ ತುಂಬ ಮಾತ್ರೆ,
ಬಾಯೆಲ್ಲ ಹಳೇ ತಾಮ್ರದ ಕಾಸು ಚೀಪಿದ ರುಚಿ.
ಕಂಡಕ್ಟರ್ ನೂರುಲ್ಲಾ ಟ್ರಿಪ್ ಶೀಟಿನ ಹಿಂದೆ ಗೀಟೆಳೆದು ಎಣಿಸಿದ್ದ.
ಹದಿನೈದನೇ ದಿನ ಯಶವಂತಪುರದಲ್ಲಿ
ಖಾರಾಬಾತ್ ಕೊಡಿಸಿ, "ಸತ್ತೋಯ್ತು ಬಿಡಣ್ಣ" ಅಂದ.
ಸತ್ತಿತ್ತು. ನಿಜವಾಗಿ.

ಈ ಸಲ ಡಾಕ್ಟರ್ ವಿನುತಾ ಚೀಲ ಕೊಟ್ಟು ಊದಿ ಅಂದರು.
ಡಿಪೋ ಗೇಟಿನಲ್ಲಿ ಊದಿ ಊದಿ ಪಳಗಿದವನು ನಾನು.
ಅಲ್ಲಿ ಹೆಂಡವಿಲ್ಲ, ಇಲ್ಲಿ ಹುಳವಿಲ್ಲ.
ಆದರೂ ಕ್ಯಾಮರಾ ನುಂಗಿಸಿದಾಗ
ಪರದೆಯ ಮೇಲೆ ಹುಣ್ಣು,
ಅಂಚು ಕೆಂಪು, ನಡುವೆ ಬಿಳಿ.

"ಮಂಡಿನೋವಿಗೆ ಏನಾದರೂ ತಗೋತೀರಾ?"

ಅಲ್ಲಿ ಸಿಕ್ಕಿಬಿದ್ದೆ.
ಗೊರಗುಂಟೆಪಾಳ್ಯದಿಂದ ಸಿಲ್ಕ್ ಬೋರ್ಡಿಗೆ
ಎಡಗಾಲು ಎಷ್ಟು ಸಲ ಕ್ಲಚ್ ತುಳಿಯುತ್ತದೆಂದು
ಒಮ್ಮೆ ಎಣಿಸಹೋಗಿ,
ಹೆಬ್ಬಾಳಕ್ಕೇ ನಾನೂರು ದಾಟಿತು, ಬಿಟ್ಟೆ.
ಸಂಜೆ ಮಂಡಿ ಊದುತ್ತದೆ.
ಮೂಲೆಯ ಮೆಡಿಕಲ್ಲಿನ ಹುಡುಗ ಏನೂ ಕೇಳದೆ
ಸ್ಟ್ರಿಪ್ಪಿನಿಂದ ಎರಡು ಕತ್ತರಿಸಿ ಕೊಡುತ್ತಾನೆ,
ನಾಲ್ಕು ವರ್ಷದಿಂದ.

ರಾತ್ರಿಯೆಲ್ಲ ಆ ಹುಳವನ್ನೇ ಬೈದಿದ್ದೆನಲ್ಲ,
ಎಂದೋ ಮನೆ ಖಾಲಿ ಮಾಡಿ ಹೋದ ಬಾಡಿಗೆಯವನನ್ನು
ಇವತ್ತು ಸೋರುವ ಸೂರಿಗೆ ಬೈದಂತೆ.

"ಆ ಮಾತ್ರೆ ಬಿಡಿ" ಅಂದರು. ಬಿಡಬಹುದು.
ಹೊಟ್ಟೆಪಾಡಿಗೆ ಕಾಲು, ಕಾಲಿಗೆ ಮಾತ್ರೆ, ಮಾತ್ರೆಗೆ ಹೊಟ್ಟೆ.
ಎಲ್ಲಿ ಇಳಿಯಲಿ?

ಕ್ಲಚ್ಚಿಲ್ಲದ ಗಾಡಿ ಕೊಡಿ ಎಂದು ಅರ್ಜಿ ಬರೆದೆ.
ಜೊತೆಗೆ ಹುಣ್ಣಿನ ಕಲರ್ ಫೋಟೋ ಪಿನ್ನು ಹಾಕಿ ಇಟ್ಟೆ.
ಮ್ಯಾನೇಜರು ಅದನ್ನು ಹಿಂದೆ ಮುಂದೆ ತಿರುಗಿಸಿ
"ಇದ್ಯಾವ ರೋಡಿನ ಗುಂಡಿಯಯ್ಯ? ನಮ್ಮ ರೂಟಾ?" ಅಂದರು.

ನಮ್ಮದೇ ಸಾರ್, ಅಂದೆ.

ಎರಡೂ ನಲವತ್ತರ ಟ್ರಿಪ್ಪು.
ನೂರುಲ್ಲಾ ಆಗಲೇ ಸೀಟಿ ಊದಿದ,
ಜೇಬಿನಲ್ಲಿ ಬಿಸ್ಕತ್ತು ಪುಡಿಯಾಗಿದೆ,
ಸೀಟಿನ ಮೇಲೆ ಇನ್ನೂ ಸರಿಯಾಗಿ ಕೂತಿಲ್ಲ,
ಅಷ್ಟರಲ್ಲೇ ಎಡಗಾಲು
ತಾನಾಗಿ ಹೋಗಿ ತುಳಿಯಿತು.