ಒಂಬತ್ತನೆಯ ಮಾತ್ರೆ

ನಮ್ಮ ಮೊದಲ ಜಗಳ ಜಮಖಂಡಿ ಬಸ್‌ಸ್ಟ್ಯಾಂಡಿನಾಗ.
ನಿನ್ನ ಪೇಟಿಗೆ ಲಗೇಜು ಕೇಳಿದೆ ನಾ,
'ಇದು ಲಗೇಜಲ್ರೀ, ಇದಕ ಉಸಿರೈತಿ' ಅಂದಿ.
ಉಸಿರಿದ್ದರ ಟಿಕೆಟ್ ಬೇಕಲ್ಲ ಮತ್ತ,
ಅರ್ಧಾ ಹರದೆ.
ಬಸ್ಸಿಗೆ ಬಸ್ಸ ನಕ್ಕಿತು. ಡ್ರೈವರ್ ಮೈಬೂಸಾಬ ಕನ್ನಡಿಯೊಳಗ ನಕ್ಕ.
ಆ ಅರ್ಧಾ ಟಿಕೆಟ್ಟು
ಇಪ್ಪತ್ತೊಂಬತ್ತು ವರ್ಷ ನಿನ್ನ ಸ್ವರಲಿಪಿ ವಹಿಯೊಳಗ ಇತ್ತಂತ
ನನಗ ಗೊತ್ತಾಗಿದ್ದು ಮೊನ್ನೆ, ಯುಗಾದಿಗೆ ಕಪಾಟು ಝಾಡಿಸುವಾಗ.

ನನಗ ಸಾ ಯಾವದು ಪಾ ಯಾವದು ತಿಳಿಯಂಗಿಲ್ಲ.
ಡಿಪೋದಿಂದ ಬರುವಾಗ ಸೀಟಿ ಊದಿದ್ದು ಕೇಳಿ ನೀ ಹೇಳತಿದ್ದಿ:
'ನಿಮ್ದು ಕಾಳಿ ಎರಡು. ಅಗದೀ ಸ್ವಚ್ಛ.'
ಅದಷ್ಟ ನನಗ ಬಂದ ಸಂಗೀತ.

ಬನಹಟ್ಟಿ ಓಣಿ. ಎಡಕ ಮಗ್ಗ, ಬಲಕ ಮಗ್ಗ,
ಹಗಲೆಲ್ಲ ಖಟಕ್ ಖಟಕ್, ಗ್ವಾಡಿ ಮ್ಯಾಲಿನ ಗಡಿಯಾರ ಸೈತ ನಡುಗತಿತ್ತು.
ಇಲ್ಲಿ ಹಾಡು ಹೆಂಗ ಕಲಸ್ತಿ ಅಂತ ನಿಮ್ಮಪ್ಪ ತಲಿ ಹಿಡಕೊಂಡ.
ನೀ ಕಿವಿಗೊಟ್ಟು ಕುಂತಿ, ಒಂದು ದಿನ, ಎರಡು ದಿನ.
ಮೂರನೇ ದಿನ ಹುಡುಗರಿಗೆ ಅಂದಿ:
'ತಬಲಾದವ ಪುಕ್ಕಟೆ ಸಿಕ್ಕಾನ, ಬರ್ರಿ.'

ಹತ್ತರಿಂದ ಐದು ಸಾಲಿ, ನಾಲ್ಕನೇ ಇಯತ್ತೆ,
ನನ್ನ ಅಡ್ಡಹೆಸರು ಹೊತ್ತು ಉಳ್ಳಾಗಡ್ಡಿ ಅಕ್ಕೋರು.
ಸಂಜಿ ಐದರಿಂದ ಏಳು ನಮ್ಮ ಪಡಸಾಲಿ.
ನಡುವ ರೊಟ್ಟಿ, ನಡುವ ನೀರು, ನಡುವ ನಮ್ಮವ್ವನ ಕಾಲಿಗೆ ಎಣ್ಣಿ.
'ಒಲಿ ಬಿಟ್ಟು ಪೇಟಿ ಮುಂದ ಕುಂದರೂ ಸೊಸಿ ಸಿಕ್ಕಳು' ಅಂದಾಕಿ
ಕಡೀಕಡೀಗೆ, ಮುಂಜಾನೆ ನೀ ಷಡ್ಜ ಹಿಡೀದ ಹೊರತು
ಚಾದ ಕಪ್ಪು ಮುಟ್ಟತಿದ್ದಿಲ್ಲ.
ನಮ್ಮ ಮಗಳು ನನ್ನ ಕಿವಿ ತಂದಳು, ಹಾಡು ಹತ್ತಲಿಲ್ಲ.
ನೀ ಬ್ಯಾಸರ ಮಾಡಲಿಲ್ಲ, ಸೈಕಲ್ಲು ಕಲಿಸಿದಿ.

ತಮ್ಮನ ಮಗ ಕಾಡಪ್ಪ, ಮಾತು ತೊದಲುವ ಹುಡುಗ,
ಸಾಲ್ಯಾಗ ಅವ ಬಾಯಿ ತೆರದರ ನಗಿ.
ತೊಡಿ ಮ್ಯಾಲ ಕುಂದರಿಸಿಕೊಂಡು
ಮಗ್ಗದ ಸಪ್ಪಳಕ್ಕ ಮಗ್ಗಿ ಹಾಡಿಸಿದಿ, ಭೂಪದಾಗ,
ಏಳೇಳ್ಲೆ ನಲವತ್ತೊಂಬತ್ತಕ್ಕ ಮ್ಯಾಲಿನ ಸಾ.
ಹಾಡುವಾಗ ಒಮ್ಮೆಯೂ ಎಡವಲಿಲ್ಲ.
ಈಗವ ಮುಧೋಳದಾಗ ಔಷಧದ ಅಂಗಡಿ ಇಟ್ಟಾನ,
ಲೆಕ್ಕ ಮಾಡುವಾಗ ಇನ್ನೂ ಗುನುಗುತಾನ. ಗಿರಾಕಿ ನೋಡತಾರ. ನೋಡಲಿ.

ಸಿಟ್ಟಿನಾಕೀನೂ ಹೌದು ನೀ.
ಬೆಸೂರು ಹಾಡಿದ ಹುಡುಗಿ ಕಡೆ ಪೆನ್ಸಿಲ್ಲು ಒಗದದ್ದು ನಾ ಮರತಿಲ್ಲ,
ರಾತ್ರಿ ಅವರ ಮನಿಗೆ ಹೋಗಿ
ಶೇಂಗಾ ಹೋಳಿಗಿ ಕೊಟ್ಟು ಬಂದದ್ದೂ.

ನನಗೂ ತೀನತಾಲ ಕಲಸಾಕ ನೋಡಿದಿ ಒಂದು ಮಳಿಗಾಲ.
ಒಂದು, ಐದು, ಹದಿಮೂರಕ್ಕ ಚಪ್ಪಾಳಿ,
ಒಂಬತ್ತಕ್ಕ ಬರೇ ಕೈ ತೆರೀಬೇಕು, ಅದು ಖಾಲಿ.
'ಖಾಲಿ ಅಂದಮ್ಯಾಲ ಎಣಸೂದ್ಯಾಕ?' ಅಂದೆ.
'ಖಾಲಿ ಸೀಟು ಎಣಸದ ಕಂಡಕ್ಟರ್ ಎಲ್ಲದಾನ ತೋರಸ್ರಿ.'
ನಾ ಸುಮ್ಮನಾದೆ.

ಹೋದ ದೀಪಾವಳಿ ಹೊತ್ತಿಗೆ ದಿನಕ್ಕ ಒಂಬತ್ತು ಮಾತ್ರೆ.
ಕಾಡಪ್ಪ ಪೊಟ್ಟಣ ಕಟ್ಟಿ ಬಸ್ಸಿನ ಕೈಯಾಗ ಕಳಸತಿದ್ದ.
ಅಂಗೈಯಾಗ ಸುರುವಿಕೊಂಡು ನೀ ನಕ್ಕಿ:
'ನೋಡ್ರಿ, ಒಂಬತ್ತನೇ ಮಾತ್ರೆ. ಖಾಲಿಗೆ ಬಂದೆ.'
ನೀರಿನ ಲೋಟ ಕುಕ್ಕಿದೆ ನಾ. ಮಹಾನಂದಾ, ಸಾಕು ಅಂದೆ.
'ಆವರ್ತನ ಮುಗದಿಲ್ಲ, ಇನ್ನೂ ಏಳು ಉಳದಾವ' ಅಂದಿ,
ನನ್ನ ಸಮಾಧಾನಕ್ಕೋ, ಲೆಕ್ಕ ತಪ್ಪಬಾರದಂತೋ.

ಯುಗಾದಿ ದಿನ ಪೇಟಿ ತೆರದೆ.
ತಿದಿ ಒತ್ತಿದರ ಬರೇ ಗಾಳಿ.
ಹುಡುಕಿ, ಕರೀ ಪಟ್ಟಿಯೊಳಗ ಎರಡನೇದರ ಮ್ಯಾಲ ಬೆರಳಿಟ್ಟೆ.
ನನ್ನ ಸೀಟಿ ಕೇಳಿಸಿತು.
ಖರೇನ ಹೇಳಿದ್ದಿ.

ನಿನ್ನೆ ಸಂಜಿಕೆ ಕರೆಂಟು ಹೋತು.
ಓಣಿಯ ಮಗ್ಗ ಎಲ್ಲಾ ಒಮ್ಮೆಲೆ ನಿಂತವು.
ಕಟ್ಟಿ ಮ್ಯಾಲ ಕುಂತಿದ್ದೆ.
ಬಲಗೈ ತಾನ ಮ್ಯಾಲೆದ್ದು ತೆರಕೊಂತು.
ಎದುರುಮನಿ ಕೂಸು, ಬಾಯಾಗ ಪೇರಲ ಹಣ್ಣು,
'ಅಜ್ಜಾ, ಯಾರಿಗೆ ಟಾಟಾ ಮಾಡಾಕತ್ತಿ?'

ಹತ್ತು, ಅಂದೆ.
ಹನ್ನೊಂದು.