ನಡಾವಳಿ

ಸ್ಟಿಲ್‌ವೆಲ್ ಮಿಲ್ಸ್, ಮೇನ್. ಮಂಗಳವಾರ, ಸಂಜೆ ಏಳು.
ಅಗ್ನಿಶಾಮಕ ಠಾಣೆಯ ಮಾಳಿಗೆ.
ಹಾಜರಿ: ಯೋಜನಾ ಮಂಡಳಿಯ ಐವರಲ್ಲಿ ನಾಲ್ವರು,
ಮಡಚುವ ಕುರ್ಚಿಗಳಲ್ಲಿ ಊರಿನ ಎಪ್ಪತ್ತು ಮಂದಿ,
ಬಾಗಿಲ ಬಳಿ ಬೂಟುಗಳಿಂದ ಕರಗಿ ಹರಿದ ಹಿಮ.
ಬರೆದುಕೊಳ್ಳುವವಳು ನಾನು. ನನಗೆ ಮತವಿಲ್ಲ.

ವಿಷಯ ಒಂದೇ: ಸುಟ್ಟುಹೋದ ಬೂಟಿನ ಕಾರ್ಖಾನೆಯ ಬಯಲಿನಲ್ಲಿ
ನಾಲ್ಕು ಮಹಡಿ, ನಲವತ್ತೆಂಟು ಮನೆ.
ಮೇಜಿನ ಮೇಲೆ ಬಿಳಿ ರಟ್ಟಿನ ಮಾದರಿ,
ಸ್ಪಂಜಿನ ಮರಗಳು, ಅಕ್ಕಿಕಾಳಿನಷ್ಟು ಜನ.
ಯಾರಿಗೂ ಮುಖವಿಲ್ಲ, ನೆಟ್ಟಗೆ ನಿಂತ ಗತ್ತು ಮಾತ್ರ ಎಲ್ಲರಿಗೂ.

ಕಟ್ಟುವವರ ಕಡೆಯ ಎಂಜಿನಿಯರು ಪ್ರೆಸ್ಕಾಟ್
ನೆರಳಿನ ನಕ್ಷೆ ಬಿಡಿಸಿ ತೋರಿಸಿದ:
ಡಿಸೆಂಬರ್ ಇಪ್ಪತ್ತೊಂದು, ಮಧ್ಯಾಹ್ನ ಮೂರು ಗಂಟೆಗೆ
ನೆರಳು ರಸ್ತೆ ದಾಟಿ
ವಿಲೆಟ್ ಅವರ ಕೋಳಿಗೂಡಿನ ಹತ್ತಿರ ನಿಲ್ಲುತ್ತದೆ.
"ನಿಲ್ಲುತ್ತೆ ಅಂತ ಯಾರು ಹೇಳಿದ್ದು?" ಆರ್ಮಂಡ್ ವಿಲೆಟ್ ಎದ್ದರು,
"ನೆರಳಿನ ಕೈಲಿ ಸಹಿ ಹಾಕಿಸಿದ್ದೀರಾ?"
ಜನ ನಕ್ಕರು.
ನಗುವನ್ನು ನಡಾವಳಿಯಲ್ಲಿ ಬರೆಯುವ ಪದ್ಧತಿಯಿಲ್ಲ.

ಆಮೇಲೆ ಕಾರು ನಿಲ್ಲಿಸುವ ಜಾಗ; ಅಳೆದೂ ಸುರಿದೂ ಒಂದು ಗಂಟೆ.
ನಿಯಮ ಮನೆಗೆ ಒಂದೂವರೆ ಕಾರು ಕೇಳುತ್ತದೆ.
ಆ ಅರ್ಧ ಕಾರನ್ನು ಯಾರು ಓಡಿಸುತ್ತಾರೋ
ಇಪ್ಪತ್ತಾರು ವರ್ಷ ಬರೆದರೂ ನನಗೆ ತಿಳಿದಿಲ್ಲ.

ಚರಂಡಿ ತಾಳುತ್ತದೆಯೇ, ಎಂದರು.
ಶಾಲೆಯಲ್ಲಿ ಬೆಂಚು ಸಾಲುತ್ತದೆಯೇ, ಎಂದರು.
ಹೋದ ವರ್ಷ ಇದೇ ಕೋಣೆಯಲ್ಲಿ
ಮಕ್ಕಳು ಸಾಲದೆಂದು ಮೂರನೇ ತರಗತಿ ಮುಚ್ಚಿದ್ದರು;
ಆ ಪುಟವೂ ನನ್ನ ಕೈಬರಹವೇ.
"ಊರಿನ ಲಕ್ಷಣ" ಎಂಬ ಮಾತು ಹನ್ನೊಂದು ಸಲ ಬಂತು.

ಲೂಸಿಲ್ ಥಿಬೊಡೊ ಎದ್ದಳು. ಎಂಬತ್ತಮೂರು ವಯಸ್ಸು.
ಅದೇ ಕಾರ್ಖಾನೆಯಲ್ಲಿ ನಾಲಗೆ ಹೊಲಿದವಳು—
ಬೂಟಿನ ನಾಲಗೆ. ಅವಳದ್ದಕ್ಕೆ ಯಾರೂ ಹೊಲಿಗೆ ಹಾಕಿಲ್ಲ.
"ಆಗ ಕೂಲಿಯವರ ಕಟ್ಟಡ ಐದು ಮಹಡಿ ಇತ್ತು.
ಮಹಡಿಗೊಂದು ನಲ್ಲಿ, ನಲ್ಲಿಗೆ ಮೂವತ್ತು ಮಕ್ಕಳು.
ಆಗಲೂ ಹೀಗೇ ಒಂದು ಸಭೆ ಕೂತಿತ್ತು,
ಫ್ರೆಂಚ್ ಆಡುವವರು ಊರಿಗೆ ಬೇಡ ಅಂತ.
ನಿನ್ನಜ್ಜ ಇದ್ದ ಆರ್ಮಂಡ್, ಆ ಬೇಡದವರಲ್ಲಿ."
ಗಡಿಯಾರ ಟಿಣ್ ಎಂದಿತು. ಮೂರು ನಿಮಿಷ ಮುಗಿದಿತ್ತು.
ಆರ್ಮಂಡ್ ಟೋಪಿಯ ಅಂಚು ಸವರುತ್ತ
"ಕೋಳಿಗೆ ಬಿಸಿಲು ಬೇಕು, ಅಷ್ಟೇ ನಾನಂದದ್ದು" ಎಂದರು,
ಯಾರಿಗೂ ಅಲ್ಲ ಎಂಬಂತೆ.

ಕೊನೆಗೆ ಹಿಂದಿನ ಸಾಲಿನಿಂದ ಹೊದಾನ್ ವರ್ಸಾಮೆ.
ವೃದ್ಧರ ಆಸ್ಪತ್ರೆಯ ನೀಲಿ ಅಂಗಿ, ರಾತ್ರಿ ಪಾಳಿಗೆ ಹೊತ್ತಾಗಿತ್ತು.
"ಮೂವತ್ತೇಳು ಮೈಲಿಯಿಂದ ಬರುತ್ತೇನೆ.
ಎರಡು ಕೋಣೆಯ ಮನೆಗೆ ಬಾಡಿಗೆ ಎಷ್ಟು?
ಅದನ್ನು ಯಾರೂ ಹೇಳಲಿಲ್ಲ."
ಹದಿನೈದು ಸೆಕೆಂಡು. ಮಿಕ್ಕ ಹೊತ್ತನ್ನು ಬಿಟ್ಟುಕೊಟ್ಟು ಕೂತಳು.
ಪ್ರೆಸ್ಕಾಟ್ ಕಡತ ತಿರುವಿದ.
ಚರಂಡಿಯ ಇಳಿಜಾರು ಇತ್ತು, ಬಾವಲಿಗಳ ಸಮೀಕ್ಷೆಯೂ ಇತ್ತು.
ಅಧ್ಯಕ್ಷರು: "ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ."
ಬರೆದುಕೊಂಡೆ.

ಮತ: ಪರ ಎರಡು, ವಿರೋಧ ಎರಡು.
ಐದನೆಯವರು ಫ್ಲಾರಿಡಾದಲ್ಲಿ
ಮೊಣಕಾಲನ್ನು ಬಿಸಿಲಿಗೆ ಒಡ್ಡಿ ಕೂತಿದ್ದಾರೆ.
ವಿಷಯವನ್ನು ಮಾರ್ಚಿಗೆ ಮುಂದೂಡಲಾಯಿತು.

ಕುರ್ಚಿ ಮಡಚಿದೆ. ಮಾದರಿಯನ್ನು ಅಲ್ಲೇ ಬಿಟ್ಟು ಹೋಗಿದ್ದರು.
ಅಂಟು ಬಿಟ್ಟ ಒಬ್ಬ ಅಕ್ಕಿಕಾಳು ಮನುಷ್ಯ
ಕಾರು ನಿಲ್ಲಿಸುವ ಜಾಗದಲ್ಲಿ ಅಡ್ಡ ಬಿದ್ದಿದ್ದ.
ನಿಲ್ಲಿಸಿದೆ, ಬಿದ್ದ. ಮತ್ತೆ ನಿಲ್ಲಿಸಿದೆ, ಬಿದ್ದ.
ಕೆಳಗೆ ಸೈರನ್ ಕೂಗಿತು;
ಕಿಸೆಗೆ ಹಾಕಿಕೊಂಡು ದೀಪ ಆರಿಸಿದೆ.

ಗುರುವಾರ. ನಾನು ಬಾಡಿಗೆಗಿರುವ ಕಟ್ಟಡದ ನೆಲಮಾಳಿಗೆ,
ಆರು ಮನೆಗೆ ಒಂದೇ ಬಟ್ಟೆ ಒಗೆಯುವ ಯಂತ್ರ.
ಸ್ವೆಟರ್ ತಿರುಗುತ್ತಿದೆ. ಒಳಗೆ ಏನೋ ಸಣ್ಣದು
ಟಿಕ್ ಟಿಕ್ ಎಂದು ಗಾಜಿಗೆ ಬಡಿಯುತ್ತಿದೆ.
ಮೇಲಿನ ಮನೆಯ ಹುಡುಗ ಬುಟ್ಟಿ ಹಿಡಿದು ಬಂದ:
"ಇನ್ನೂ ಎಷ್ಟು ಹೊತ್ತು?"
ಇಪ್ಪತ್ತೆರಡು ನಿಮಿಷ, ಎಂದೆ.
ಅವನು ಗೋಡೆಗೆ ಒರಗಿ ನಿಂತ.